ಸ್ಕೂಬಲ್‌ನನ್ನು ಮಾರಬೇಕಿತ್ತಾ?

ಜುಲೈ ಕೊನೆಯ ವಾರ ಬಂತೆಂದರೆ ಡೆಟ್ರಾಯಿಟ್ ಸುತ್ತಮುತ್ತ ಬೇಸ್‌ಬಾಲ್ ಹುಚ್ಚಿರುವ ಯಾರನ್ನು ಮಾತಾಡಿಸಿದರೂ ಒಂದೇ ಚರ್ಚೆ. ನಮ್ಮ ಟೈಗರ್ಸ್ ತಂಡ ಈ ವರ್ಷವೇ ಗೆಲ್ಲೋಕೆ ನೋಡಬೇಕಾ, ಇಲ್ಲಾ ಇರೋರನ್ನು ಮಾರಿ ಮತ್ತೆ ಮೊದಲಿಂದ ಕಟ್ಟಬೇಕಾ? ಆಫೀಸಿನ ಕಾಫಿ ಮಷೀನ್ ಹತ್ತಿರ, ಕಟಿಂಗ್ ಶಾಪ್‌ನಲ್ಲಿ, ಕಾರಿನ ರೇಡಿಯೊದಲ್ಲಿ, ಎಲ್ಲ ಕಡೆ ಇದೇ ಮಾತು. ಮಿಷಿಗನ್‌ಗೆ ಬಂದ ಹೊಸದರಲ್ಲಿ ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಅಭಿಮಾನಿ ಅಂದಮೇಲೆ ಗೆಲುವು ಬಿಟ್ಟು ಇನ್ನೇನು ಕೇಳುವುದು? ಈಗ ಈ ಪ್ರಶ್ನೆಗೆ ನನ್ನದೇ ಒಂದು ಉತ್ತರ ಇದೆ. ಅದು ಗಟ್ಟಿಯಾಗಿದ್ದು 2024ರ ಜುಲೈ 30ರ ಸಂಜೆ, ಪಕ್ಕದ ಮನೆಯ ಗ್ಯಾರೇಜಿನಲ್ಲಿ, ನಮ್ಮ ಪಿಚರ್ (ಚೆಂಡು ಎಸೆಯುವವನು) ಟಾರಿಕ್ ಸ್ಕೂಬಲ್‌ನನ್ನು ಮಾರಬೇಕಾ ಬೇಡವಾ ಅಂತ ವಾದ ಮಾಡುವಾಗ.

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಎಷ್ಟೇ ಸೋತರೂ ಕೆಳಗಿನ ಲೀಗ್‌ಗೆ ಇಳಿಸುವುದಿಲ್ಲ. ಅದರ ಬದಲು, ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಮೊದಲ ಸರದಿ ಸಿಗುತ್ತಿತ್ತು. ಈಗ ಅದಕ್ಕೆ ಲಾಟರಿ ಬಂದಿದೆ, ಆದರೂ ಸೋತವರಿಗೇ ಅವಕಾಶ ಜಾಸ್ತಿ. ಹಾಗೆ ಬಂದ ಹುಡುಗ ಮೇಜರ್ ಲೀಗ್‌ಗೆ ಕಾಲಿಟ್ಟ ಮೇಲೆ ಹೆಚ್ಚುಕಡಿಮೆ ಆರು ವರ್ಷ ತಂಡದ ಕೈಯಲ್ಲೇ ಇರುತ್ತಾನೆ. ಆಮೇಲೆ ತನಗೆ ಇಷ್ಟ ಬಂದ ಕಡೆ ಹೋಗಬಹುದು. ಹಾಗಾಗಿ ಈ ವರ್ಷ ಗೆಲ್ಲುವ ಆಸೆ ಇಲ್ಲದ ತಂಡ, ಆಟಗಾರರ ಅದಲುಬದಲಿಗೆ ಇರುವ ಜುಲೈ ಗಡುವಿನೊಳಗೆ ತನ್ನ ಒಳ್ಳೆಯ ಆಟಗಾರರನ್ನು ಗೆಲ್ಲುವ ತಂಡಗಳಿಗೆ ಕೊಟ್ಟು, ಅವರ ಹತ್ತಿರ ಇರುವ ಎಳೆಯ ಹುಡುಗರನ್ನು ತೆಗೆದುಕೊಳ್ಳುತ್ತದೆ. ಆ ಹುಡುಗರು ಬೆಳೆಯುವ ತನಕ ಸೋಲು. ಇದಕ್ಕೆ ಇಲ್ಲಿ ರೀಬಿಲ್ಡ್ ಅನ್ನುತ್ತಾರೆ.

ಆರ್‌ಸಿಬಿ ಜೊತೆ ಬೆಳೆದ ನನಗೆ ಇದು ಹೊಸ ಸಂಕಟ. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಎಲ್ಲ ತಂಡಗಳನ್ನೂ ಒಟ್ಟಿಗೆ ಬಿಚ್ಚಿ ಕಟ್ಟುತ್ತದೆ. 2022ರಲ್ಲಿ ಚಹಲ್ ಕೈತಪ್ಪಿದಾಗ ಹೊಟ್ಟೆ ಉರಿದಿತ್ತು, ನಿಜ. ಆದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಆಸೆ ಚಿಗುರುತ್ತಿತ್ತು. ಇಲ್ಲಿ ಆಸೆಯನ್ನೇ ನಾಲ್ಕೈದು ವರ್ಷ ಎತ್ತಿಡಿ ಅನ್ನುತ್ತಾರೆ.

ನಮ್ಮ ಪಕ್ಕದ ಮನೆಯ ಅಜ್ಜ ಕಾರು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ. 1968ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿ) ಏಳನೇ ಪಂದ್ಯದಲ್ಲಿ ನಮ್ಮ ಪಿಚರ್ ಮಿಕಿ ಲೋಲಿಚ್, ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್ ಎದುರು ಗೆದ್ದಿದ್ದನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ. 1984ರ ತಂಡ ಮೊದಲ 40 ಪಂದ್ಯಗಳಲ್ಲಿ 35 ಗೆದ್ದಿದ್ದೂ ಅವರ ಬಾಯಲ್ಲೇ ನಾನು ಮೊದಲು ಕೇಳಿದ್ದು. ಆ ವರ್ಷ ಗೆದ್ದಿದ್ದೇ ಕೊನೆ. ಟೈಗರ್ಸ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದಿಲ್ಲ. ನನಗೆ ಈ ಆಟ ಕಲಿಸಿದವರೂ ಅವರೇ. ಬೇಸಿಗೆಯ ಸಂಜೆ ಗ್ಯಾರೇಜಿನ ಬಾಗಿಲು ಎತ್ತಿ, ಮಡಚುವ ಕುರ್ಚಿಗಳನ್ನು ಹಾಕಿ, ರೇಡಿಯೊದಲ್ಲಿ ಡ್ಯಾನ್ ಡಿಕರ್ಸನ್ ಕಾಮೆಂಟರಿ ಕೇಳುತ್ತಾ ಸ್ಕೋರ್ ಬರೆಯುತ್ತಾರೆ. ಬರೆಯುವುದೆಂದರೆ ರನ್ ಮಾತ್ರ ಅಲ್ಲ. ಒಬ್ಬೊಬ್ಬ ಬ್ಯಾಟರ್‌ಗೂ ಒಂದೊಂದು ಚೌಕ. ಚೆಂಡು ಯಾರ ಕೈಗೆ ಹೋಯಿತು, ಯಾರಿಗೆ ಎಸೆದರು, ಎಲ್ಲ ಅಂಕಿಗಳಲ್ಲಿ. ಸ್ಟ್ರೈಕ್‌ಔಟ್ ಆದರೆ, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾದರೆ, ಚೌಕದಲ್ಲಿ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟರ್ ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ. ಸೀಸದ ಕಡ್ಡಿ ಮೊಂಡಾದರೆ ಚಾಕುವಿನಿಂದ ಹೆರೆದುಕೊಳ್ಳುತ್ತಾರೆ. ಅಂಥ ಪುಸ್ತಕಗಳು ಗ್ಯಾರೇಜಿನ ಕಪಾಟಿನ ತುಂಬ ಇವೆ.

ಆ ಸಂಜೆ ಅಲ್ಲಿ ನಾವು ಮೂವರು. ಅಜ್ಜ, ನಾನು, ಮತ್ತೆ ನನ್ನ ಜೊತೆ ಕೆಲಸ ಮಾಡುವ ಪುತ್ತೂರಿನ ಗೆಳೆಯ. ಅವನಿಗೆ ಬೇಸ್‌ಬಾಲ್ ಅಂದರೆ ಲೆಕ್ಕ. ಯಾವ ಆಟಗಾರನ ಒಪ್ಪಂದ ಯಾವಾಗ ಮುಗಿಯುತ್ತದೆ, ಯಾವ ತಂಡದಲ್ಲಿ ಯಾವ ಹುಡುಗ ಬೆಳೆಯುತ್ತಿದ್ದಾನೆ, ಎಲ್ಲ ಅವನ ನಾಲಗೆ ತುದಿಯಲ್ಲಿ. ಗಡುವು ಸಂಜೆ 6 ಗಂಟೆಗೆ. ರೇಡಿಯೊ ಹಾಕಿದ್ದೆವು. ಮೂವರ ಕಣ್ಣೂ ಫೋನ್ ಮೇಲೆ. ನನ್ನ ಹೆಂಡತಿ ಕೊಟ್ಟು ಕಳಿಸಿದ್ದ ಕೋಡುಬಳೆ ಡಬ್ಬಿ ನಡುವೆ ಇತ್ತು. ಅಜ್ಜನಿಗೆ ಅದು ತುಂಬಾ ಇಷ್ಟ.

ಟೈಗರ್ಸ್ ಆಗ ಗೆದ್ದಿದ್ದಕ್ಕಿಂತ ಸೋತಿದ್ದೇ ಸ್ವಲ್ಪ ಜಾಸ್ತಿ. ಮಧ್ಯದಲ್ಲಿ ಸಿಕ್ಕಿಕೊಂಡ ತಂಡ. ಪೂರ್ತಿ ಕೈಬಿಡುವ ಹಾಗೂ ಇಲ್ಲ, ಪೂರ್ತಿ ನಂಬುವ ಹಾಗೂ ಇಲ್ಲ. ಎರಡು ಮೂರು ದಿನದಲ್ಲೇ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಕಾರ್ಸನ್ ಕೆಲ್ಲಿ, ಪಿಚರ್ ಆಂಡ್ರ್ಯೂ ಚೇಫಿನ್, ಬ್ಯಾಟರ್ ಮಾರ್ಕ್ ಕಾನಾ ಬೇರೆ ತಂಡಗಳಿಗೆ ಹೋಗಿಯಾಗಿತ್ತು. ಉಳಿದ ಪ್ರಶ್ನೆ ಇಬ್ಬರದ್ದು. ಒಬ್ಬ ಜ್ಯಾಕ್ ಫ್ಲಾಹರ್ಟಿ. ಒಂದೇ ವರ್ಷದ ಒಪ್ಪಂದಕ್ಕೆ ಬಂದು ಚೆನ್ನಾಗಿ ಆಡುತ್ತಿದ್ದ ಪಿಚರ್. ಇನ್ನೊಬ್ಬ ಟಾರಿಕ್ ಸ್ಕೂಬಲ್. ಎಡಗೈ ಪಿಚರ್, ಆ ವರ್ಷ ಇಡೀ ಅಮೆರಿಕನ್ ಲೀಗ್‌ನಲ್ಲೇ (ಮೇಜರ್ ಲೀಗ್‌ನ ಅರ್ಧ ಭಾಗ) ಅವನನ್ನು ಮೀರಿಸುವವರು ಇರಲಿಲ್ಲ. ದೊಡ್ಡ ತಂಡಗಳು ಅವನನ್ನೂ ಕೇಳುತ್ತಿವೆ ಅಂತ ಸುದ್ದಿ ಹಬ್ಬಿತ್ತು.

"ನೋಡು ಮಾರಾಯ, ಇವನು 2026 ಮುಗಿದ ಮೇಲೆ ಹೇಗೂ ಹೋಗ್ತಾನೆ" ಅಂದ ಗೆಳೆಯ. "ಇವನ ಏಜೆಂಟ್ ಸ್ಕಾಟ್ ಬೋರಾಸ್, ಭಾರಿ ದುಡ್ಡು ಕೇಳುವವನು. ನಮ್ಮ ಓನರ್ ಅಷ್ಟು ದುಡ್ಡು ಬಿಚ್ಚುವ ಹಾಗೆ ಕಾಣುವುದಿಲ್ಲ. ಈಗ ಕೊಟ್ಟರೆ ನಾಲ್ಕೈದು ಒಳ್ಳೆ ಹುಡುಗರು ಸಿಕ್ತಾರೆ. ಮತ್ತೆ ಪಿಚರ್ ಕೈಯನ್ನು ನಂಬುವುದುಂಟಾ? ಇವನಿಗೆ ಕಾಲೇಜಿನಲ್ಲೇ ಮೊಣಕೈ ಆಪರೇಷನ್ ಆಗಿದೆ, 2022ರಲ್ಲಿ ಇನ್ನೊಂದು ಸಲ ಆಗಿದೆ. ನಾಳೆ ಮತ್ತೆ ಏನಾದರೂ ಆದರೆ ಎರಡೂ ಇಲ್ಲ."

ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅದನ್ನು ಆವತ್ತೂ ಒಪ್ಪಿದ್ದೆ.

ನಾನು ಅವರ ಭಾಷೆಯಲ್ಲಿ ಹೇಳಲಿ ಅಂತ ಅಜ್ಜ ಕಾಯುತ್ತಿದ್ದರು. ನಾನು ಗೆಳೆಯ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಹೋಗಿ ಕಪಾಟಿನಿಂದ 2003ರ ಪುಸ್ತಕ ತಂದರು. ಆ ವರ್ಷ ಟೈಗರ್ಸ್ 119 ಪಂದ್ಯ ಸೋತಿತ್ತು. ಪುಟ ಪುಟವೂ ಸೋಲು. "ಇದರಿಂದ ಹೊರಗೆ ಬಂದಿದ್ದು ಹುಡುಗರನ್ನು ಕಾಯುತ್ತಾ ಕೂತು ಅಲ್ಲ" ಅಂದರು. "ಆಗಿನ ಓನರ್ ಮೈಕ್ ಇಲಿಚ್ ಜೇಬಿಗೆ ಕೈ ಹಾಕಿದ. ಮರುವರ್ಷ ಐವಾನ್ ರೊಡ್ರಿಗೆಸ್‌ನನ್ನು ತಂದ. ಅದರ ಮುಂದಿನ ವರ್ಷ ಮ್ಯಾಗ್ಲಿಯೊ ಒರ್ಡೋನ್ಯೆಸ್. 2006ರಲ್ಲಿ ನಾವು ವರ್ಲ್ಡ್ ಸೀರೀಸ್‌ನಲ್ಲಿದ್ದೆವು. ಮೂರೇ ವರ್ಷ!" ಅವರ ಪ್ರಕಾರ ಫ್ಲಾಹರ್ಟಿಯನ್ನೂ ಮಾರಬಾರದು, ಸ್ಕೂಬಲ್‌ನನ್ನೂ ಮಾರಬಾರದು. ಒಬ್ಬ ಒಳ್ಳೆಯ ಬ್ಯಾಟರ್‌ನನ್ನು ಕೊಂಡು ತಂದು ಆಡಬೇಕು, ಅಷ್ಟೇ.

ಅವರು ಹೇಳಿದ್ದರಲ್ಲಿ ಅರ್ಧ ಕಥೆ ಬಿಟ್ಟುಹೋಗಿತ್ತು. 2003ರಲ್ಲಿ ಅಷ್ಟು ಸೋತಿದ್ದಕ್ಕೇ 2004ರ ಡ್ರಾಫ್ಟ್‌ನಲ್ಲಿ ಎರಡನೇ ಸರದಿ ಸಿಕ್ಕಿತು. ಆ ಸರದಿಯಲ್ಲಿ ಬಂದವನು ಜಸ್ಟಿನ್ ವರ್ಲ್ಯಾಂಡರ್. 2006ರಲ್ಲಿ ವರ್ಲ್ಡ್ ಸೀರೀಸ್ ತಲುಪಿದ್ದು ಅವನನ್ನೂ ಕಟ್ಟಿಕೊಂಡೇ. ಸೋತು ಪಡೆದ ಹುಡುಗ ಮತ್ತು ದುಡ್ಡು ಕೊಟ್ಟು ತಂದ ದೊಡ್ಡವರು, ಎರಡೂ ಸೇರಿದ್ದಕ್ಕೇ ಆ ತಂಡ ಎದ್ದಿದ್ದು.

ನನಗೆ ಅರ್ಥವಾದ ಟೈಗರ್ಸ್ ಶುರುವಾಗುವುದು ವರ್ಲ್ಯಾಂಡರ್‌ನಿಂದಲೇ. 2011ರಿಂದ 2014ರವರೆಗೆ ನಾಲ್ಕು ವರ್ಷ ಸತತವಾಗಿ ತಮ್ಮ ಡಿವಿಷನ್ (ಲೀಗಿನೊಳಗಿನ ಗುಂಪು) ಗೆದ್ದರು. ಮಿಗೆಲ್ ಕಬ್ರೇರಾ ಇದ್ದ, ಮ್ಯಾಕ್ಸ್ ಶೆರ್ಜರ್ ಇದ್ದ. 2012ರಲ್ಲಿ ವರ್ಲ್ಡ್ ಸೀರೀಸ್‌ಗೆ ಹೋಗಿ ಸೋತರು. ಆಮೇಲೆ ಎಲ್ಲರಿಗೂ ವಯಸ್ಸಾಯಿತು, ಸಂಬಳ ಏರಿತು. 2017ರಲ್ಲಿ ಮೈಕ್ ಇಲಿಚ್ ತೀರಿಕೊಂಡರು. ಅದೇ ಆಗಸ್ಟ್ 31ರಂದು ನಡುರಾತ್ರಿಯ ಗಡುವಿಗೆ ಕ್ಷಣಗಳಿರುವಾಗ ವರ್ಲ್ಯಾಂಡರ್ ಹ್ಯೂಸ್ಟನ್‌ಗೆ ಹೋದ. ಎರಡು ತಿಂಗಳಿಗೆ ಅಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ನಮಗೆ ಬಂದಿದ್ದು ಮೂರು ಹುಡುಗರು. ಅವರಲ್ಲಿ ಮುಖ್ಯ ಅಂದುಕೊಂಡಿದ್ದ ಫ್ರ್ಯಾಂಕ್ಲಿನ್ ಪೆರೆಸ್ ಗಾಯದ ಮೇಲೆ ಗಾಯವಾಗಿ ಟೈಗರ್ಸ್ ಪರ ಮೇಜರ್ ಲೀಗ್‌ನಲ್ಲಿ ಒಂದು ಚೆಂಡೂ ಎಸೆಯಲಿಲ್ಲ. ಡ್ಯಾಜ್ ಕ್ಯಾಮರನ್ ಸ್ವಲ್ಪ ಆಡಿ ಹೋದ. ಉಳಿದಿದ್ದು ಕ್ಯಾಚರ್ ಜೇಕ್ ರಾಜರ್ಸ್ ಒಬ್ಬನೇ.

ಅಲ್ಲಿಂದ ಶುರುವಾಯಿತು ನೋಡಿ ಕಾಯುವುದು. 2017ರಲ್ಲಿ 98 ಸೋಲು. 2018ರಲ್ಲೂ 98. 2019ರಲ್ಲಿ 114! ಅಂಥ ಪಂದ್ಯಗಳಿಗೂ ನಾವು ಹೋಗುತ್ತಿದ್ದೆವು. ವುಡ್‌ವರ್ಡ್ ಅವೆನ್ಯೂ ಕಡೆಯಿಂದ ನಡೆದು ಬಂದು ಮೈದಾನದ ಬಾಗಿಲಲ್ಲಿರುವ ಆ ದೊಡ್ಡ ಹುಲಿ ಪ್ರತಿಮೆಗಳ ಕೆಳಗೆ ಮಗಳ ಫೋಟೊ ತೆಗೆಯುವುದು, ಒಳಗೆ ಹೋದರೆ ಸಾಲು ಸಾಲು ಹಸಿರು ಸೀಟು ಖಾಲಿ. ಏಳನೇ ಇನಿಂಗ್ಸ್ ಹೊತ್ತಿಗೆ ಜನ ಎದ್ದು ಹೋಗುವುದು. ನನ್ನ ಮಗಳು ಹುಟ್ಟಿದ್ದು 2014ರಲ್ಲಿ. ಆ ಗ್ಯಾರೇಜಿನ ಸಂಜೆಗೆ ಮೊದಲು ಟೈಗರ್ಸ್ ಕೊನೆಯ ಸಲ ಪ್ಲೇಆಫ್ ಆಡಿದ ವರ್ಷ ಅದು. ಅವಳಿಗೆ ಬುದ್ಧಿ ಬಂದಾಗಿನಿಂದ ಈ ತಂಡ ಸೋಲುವುದನ್ನೇ ನೋಡಿದ್ದಳು.

ಆ ಸೋಲುಗಳಿಂದಲೇ ಕೇಸಿ ಮೈಜ್ ಬಂದ, ರೈಲಿ ಗ್ರೀನ್ ಬಂದ, ಸ್ಪೆನ್ಸರ್ ಟಾರ್ಕೆಲ್ಸನ್ ಬಂದ. ಮೈಜ್ ಮತ್ತು ಟಾರ್ಕೆಲ್ಸನ್ ಇಬ್ಬರೂ ಇಡೀ ಡ್ರಾಫ್ಟ್‌ಗೇ ಮೊದಲನೆಯವರು. ಆದರೆ ಎಲ್ಲರಿಗಿಂತ ಎತ್ತರಕ್ಕೆ ಬೆಳೆದಿದ್ದು 2018ರ ಡ್ರಾಫ್ಟ್‌ನ ಒಂಬತ್ತನೇ ಸುತ್ತಿನಲ್ಲಿ ಸಿಕ್ಕ ಸ್ಕೂಬಲ್. ಅಷ್ಟು ಹೊತ್ತಿಗೆ ಹೆಚ್ಚಿನವರಿಗೆ ಹೆಸರೇ ಗೊತ್ತಿರದ ಹುಡುಗ.

ಗ್ಯಾರೇಜಿನಲ್ಲಿ ನನ್ನ ಸರದಿ ಬಂದಾಗ ನಾನು ಹೇಳಿದ್ದು ಇಷ್ಟೇ. ಫ್ಲಾಹರ್ಟಿ ನವೆಂಬರ್‌ಗೆ ಹೋಗುವವನು. ಅವನನ್ನು ಕೊಡಬಹುದು. ಸ್ಕೂಬಲ್ ಹಾಗಲ್ಲ. ಏಳು ವರ್ಷ ನಾವು ಕಾದಿದ್ದು ಯಾರಿಗೆ? ಇಂಥ ಒಬ್ಬ ಬರಲಿ ಅಂತ ತಾನೆ? ಬಂದಿದ್ದಾನೆ. ಬಂದವನನ್ನೇ ಮಾರಿ ಇನ್ನೂ ನಾಲ್ಕು ಹುಡುಗರನ್ನು ತಂದರೆ, ಅವರಲ್ಲೊಬ್ಬ ಸ್ಕೂಬಲ್ ಆಗಲಿ ಅಂತ ಮತ್ತೆ ಕಾಯಬೇಕು. ಅವನು ಆದ ದಿನ ಅವನನ್ನೂ ಮಾರು ಅನ್ನುತ್ತಾರೆ. ಬಿತ್ತನೆಗೆ ಅಂತ ಎತ್ತಿಟ್ಟ ಭತ್ತ ಪೈರಾಗಿ ತೆನೆ ಬಿಟ್ಟ ಮೇಲೂ ಕೊಯ್ಯದೆ ಗದ್ದೆ ಮಾರಿದ ಹಾಗೆ. ರೀಬಿಲ್ಡ್‌ಗೆ ಒಂದು ಕೊನೆ ಇರಬೇಕು. ಯಾರಿಗಾಗಿ ಕಾದೆವೋ ಅವನು ಬಂದ ದಿನವೇ ಆ ಕೊನೆ.

"ಅದು ಮನಸ್ಸಿನ ಮಾತು. ಲೆಕ್ಕದ್ದಲ್ಲ" ಅಂದ ಗೆಳೆಯ.

ಲೆಕ್ಕವೇ ಅದು ಅಂತ ನಾನು ವಾದ ಮಾಡಿದೆ. ತಂಡದವರು ಆಟಗಾರನ ಒಪ್ಪಂದದ ವರ್ಷಗಳನ್ನು ಎಣಿಸುತ್ತಾರೆ. ನೋಡುವವರ ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಅಜ್ಜ ಮಧ್ಯೆ ಬಾಯಿ ಹಾಕಿ, "2028ರ ತಂಡ ಚೆನ್ನಾಗಿರುತ್ತೆ ಅಂತೀರಲ್ಲ, ನಿಮಗೆ 2028 ಹತ್ತಿರ, ನನಗಲ್ಲ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಇನ್ನೊಂದು ಕೋಡುಬಳೆ ಮುರಿದರು. ನನಗೆ ನನ್ನ ವಾದಕ್ಕಿಂತ ಅವರ ಆ ಒಂದು ಮಾತೇ ಗಟ್ಟಿ ಅನಿಸಿತು. ಒಂದು ಊರಿನ ತಂಡ ಅಂದರೆ ಎಂಬತ್ತು ವರ್ಷದವರಿಗೂ ಹತ್ತು ವರ್ಷದವರಿಗೂ ಸೇರಿದ್ದು. ಇನ್ನೂ ಕಾಯಿರಿ ಅಂತ ಇಬ್ಬರಿಗೂ ಒಂದೇ ಮಾತು ಹೇಳೋಕೆ ಬರುವುದಿಲ್ಲ, ಅಲ್ವಾ?

6 ಗಂಟೆಯ ಆಸುಪಾಸಿನಲ್ಲಿ ಸುದ್ದಿ ಬಂತು. ಫ್ಲಾಹರ್ಟಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ. ಬದಲಿಗೆ ಟ್ರೇ ಸ್ವೀನಿ ಅನ್ನುವ ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್), ಥೇರನ್ ಲಿರಾಂಸೊ ಅನ್ನುವ ಎಳೆಯ ಕ್ಯಾಚರ್. ಅಜ್ಜ ರೇಡಿಯೊ ಆರಿಸಿಬಿಟ್ಟರು. ನಾವು ಇನ್ನೂ ಸ್ವಲ್ಪ ಹೊತ್ತು ಫೋನ್ ನೋಡುತ್ತಾ ಕೂತೆವು. ಕೆಲವೊಮ್ಮೆ ಗಡುವಿನೊಳಗೆ ಆದ ವ್ಯವಹಾರ ತಡವಾಗಿ ಹೊರಗೆ ಬರುತ್ತದೆ. ಸ್ಕೂಬಲ್ ಹೆಸರು ಬರಲೇ ಇಲ್ಲ. ಉಳಿದುಕೊಂಡ. ನನಗೆ ಸಮಾಧಾನ. ಅಜ್ಜನಿಗೆ ಆ ವರ್ಷ ಅಲ್ಲಿಗೆ ಮುಗಿಯಿತು. ಗೆಳೆಯ ಅರ್ಧ ಕೆಲಸ ಮಾಡಿದ್ದಾರೆ ಅಂದ. ಮೂವರೂ ಒಪ್ಪದೆ ಎದ್ದೆವು.

ಆಮೇಲೆ ನಡೆದಿದ್ದನ್ನು ಈ ಊರಿನವರು ಇನ್ನೂ ಹೇಳಿಕೊಳ್ಳುತ್ತಾರೆ. ಆಗಸ್ಟ್ 10ರ ಹೊತ್ತಿಗೆ 55 ಗೆಲುವು, 63 ಸೋಲು. ಪ್ಲೇಆಫ್ ಸೇರುವ ಸಾಧ್ಯತೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಅಂತ ಲೆಕ್ಕದವರು ಹಾಕಿದ್ದರು. ಅಲ್ಲಿಂದ 44 ಪಂದ್ಯಗಳಲ್ಲಿ 31 ಗೆದ್ದರು. ಹೋದವರ ಜಾಗದಲ್ಲಿ ಹುಡುಗರು ಬಂದು ನಿಂತರು. ಸ್ವೀನಿ ಆಗಸ್ಟ್ ಮಧ್ಯದಿಂದ ಶಾರ್ಟ್‌ಸ್ಟಾಪ್ ಆದ. ಟೊಲೀಡೊದ ಮೈನರ್ ಲೀಗ್ ತಂಡಕ್ಕೆ ಕಳಿಸಿದ್ದ ಟಾರ್ಕೆಲ್ಸನ್ ವಾಪಸ್ ಬಂದ. ಪಾರ್ಕರ್ ಮೆಡೋಸ್ ಸೆಪ್ಟೆಂಬರ್ 5ರಂದು ಸ್ಯಾನ್ ಡಿಯೇಗೊದಲ್ಲಿ ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ, ಮೂರರಲ್ಲಿ ಎರಡು ಔಟ್ ಆದಮೇಲೆ, ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದು 4–3ರಿಂದ ಗೆಲ್ಲಿಸಿದ. ಸ್ಕೂಬಲ್ ಬಿಟ್ಟರೆ ನೆಚ್ಚಿಕೊಳ್ಳುವಂಥ ಸ್ಟಾರ್ಟರ್‌ಗಳೇ (ಪಂದ್ಯ ಶುರು ಮಾಡಿ ಹಲವು ಇನಿಂಗ್ಸ್ ಎಸೆಯುವ ಪಿಚರ್‌ಗಳು) ಇರಲಿಲ್ಲ. ಮ್ಯಾನೇಜರ್ ಎ.ಜೆ. ಹಿಂಚ್ ಉಳಿದ ದಿನಗಳಲ್ಲಿ ಒಬ್ಬನಿಗೆ ಒಂದೆರಡು ಇನಿಂಗ್ಸ್ ಕೊಟ್ಟು, ಐದಾರು ಪಿಚರ್‌ಗಳಲ್ಲಿ ಪಂದ್ಯ ಮುಗಿಸುತ್ತಿದ್ದರು. ಈ ಆಟ ಎಲ್ಲಿಯ ತನಕ ಅಂತ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆದರೆ ಐದು ದಿನಕ್ಕೊಮ್ಮೆ ಸ್ಕೂಬಲ್ ಬರುತ್ತಿದ್ದ. ಆ ದಿನ ಎಲ್ಲ ಪಿಚರ್‌ಗಳಿಗೂ ವಿಶ್ರಾಂತಿ, ಊರಿಗೆಲ್ಲ ಧೈರ್ಯ. ಅವನಿಲ್ಲದಿದ್ದರೆ ಆ ಹುಡುಗರ ಓಟ ಆಗಸ್ಟ್‌ನಲ್ಲೇ ನಿಂತುಬಿಡುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ ರಾತ್ರಿ. ಕೊಮೆರಿಕಾ ಪಾರ್ಕ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ಎದುರು ಆಟ. ಗೆದ್ದರೆ ಪ್ಲೇಆಫ್. ಅಜ್ಜ, ಗೆಳೆಯ, ನಾನು, ಮಗಳು, ಎಲ್ಲ ಹೋಗಿದ್ದೆವು. ಅಷ್ಟು ಜನ ಅಷ್ಟು ಹೊತ್ತು ನಿಂತೇ ಇದ್ದಿದ್ದನ್ನು ನಾನು ಆ ಮೈದಾನದಲ್ಲಿ ನೋಡಿರಲಿಲ್ಲ. 4–1ರಿಂದ ಗೆದ್ದರು. ಮಗಳು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಹತ್ತು ವರ್ಷಗಳ ಮೇಲೆ ಪ್ಲೇಆಫ್.

ಎದುರಿಗೆ ಸೋತ ತಂಡದ ಕಥೆಯನ್ನೂ ಹೇಳಲೇಬೇಕು. ವೈಟ್ ಸಾಕ್ಸ್‌ಗೆ ಅದು ಆ ವರ್ಷದ 121ನೇ ಸೋಲು. 1900ರಿಂದ ಈಚೆಗೆ ಯಾವ ತಂಡವೂ ಒಂದೇ ವರ್ಷದಲ್ಲಿ ಅಷ್ಟು ಸೋತಿರಲಿಲ್ಲ. ಅವರೇನು ರೀಬಿಲ್ಡ್ ಮಾಡದವರಲ್ಲ. 2016ರ ಡಿಸೆಂಬರ್‌ನಲ್ಲಿ ಕ್ರಿಸ್ ಸೇಲ್‌ನಂಥ ಪಿಚರ್‌ನನ್ನು ಬಾಸ್ಟನ್‌ಗೆ ಕೊಟ್ಟು ಎಲ್ಲವನ್ನೂ ಪುಸ್ತಕದಲ್ಲಿ ಬರೆದಂತೆ ಮಾಡಿದ್ದರು. ಒಳ್ಳೊಳ್ಳೆ ಹುಡುಗರು ಬಂದರು. ಆಗ ಗೆಳೆಯನಂಥ ಲೆಕ್ಕದವರೆಲ್ಲ ಅವರನ್ನು ನೋಡಿ ಕಲಿಯಿರಿ ಅನ್ನುತ್ತಿದ್ದರು. 2020, 2021ರಲ್ಲಿ ಪ್ಲೇಆಫ್ ಆಡಿದರು, ಒಂದು ಸರಣಿಯನ್ನೂ ಗೆಲ್ಲಲಿಲ್ಲ. ಮೂರು ವರ್ಷಕ್ಕೆ ಈ ಗತಿ. ಕಾದವರಿಗೆಲ್ಲ ಬೆಳೆ ಬರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ಬಂದಿದ್ದನ್ನು ಬಿಡಬಾರದು ಅನ್ನುವುದು ನನ್ನ ಹಟ. ಆ ರಾತ್ರಿ ಪಾರ್ಕಿಂಗ್‌ನಿಂದ ಹೊರಗೆ ಬರುವಷ್ಟರಲ್ಲಿ ಇದನ್ನು ಗೆಳೆಯನಿಗೆ ಹೇಳಿದೆ. "ಶಿಕಾಗೊದವರ ದಡ್ಡತನಕ್ಕೆ ರೀಬಿಲ್ಡ್ ಏನು ಮಾಡ್ತದೆ?" ಅಂದ. ಅದೂ ಸರಿಯೇ. ಆಮೇಲಿನ ಟ್ರೇಡ್‌ಗಳು, ಗಾಯಗಳು, ಆರಿಸಿದ ಜನ, ಎಲ್ಲ ಸೇರಿ ಆಗಿದ್ದು ಅದು.

ಮೊದಲ ಸುತ್ತು ಹ್ಯೂಸ್ಟನ್ ಎದುರು. ವರ್ಲ್ಯಾಂಡರ್ ಮತ್ತೆ ಅಲ್ಲೇ ಇದ್ದ, ಆದರೆ ಆ ಸರಣಿಗೆ ಅವನನ್ನು ತೆಗೆದುಕೊಂಡಿರಲಿಲ್ಲ. ಮೊದಲ ಪಂದ್ಯದಲ್ಲಿ ಸ್ಕೂಬಲ್ ಆರು ಇನಿಂಗ್ಸ್ ಒಂದು ರನ್ನೂ ಬಿಟ್ಟುಕೊಡಲಿಲ್ಲ. ಎರಡನ್ನೂ ಗೆದ್ದು ಮುಂದೆ ಹೋದೆವು. ಕ್ಲೀವ್‌ಲ್ಯಾಂಡ್ ಎದುರಿನ ಸರಣಿ ಐದನೇ ಪಂದ್ಯದ ತನಕ ಎಳೆಯಿತು. ಅಕ್ಟೋಬರ್ 12ರಂದು ನಾವು ಮತ್ತೆ ಗ್ಯಾರೇಜಿನಲ್ಲಿ, ಚಳಿಗೆ ಹೀಟರ್ ಹಾಕಿಕೊಂಡು ಕೂತಿದ್ದೆವು. ಐದನೇ ಇನಿಂಗ್ಸ್. ಮೂರೂ ಬೇಸ್ ತುಂಬಿತ್ತು. ಸ್ಕೂಬಲ್ ಎಸೆದ ಚೆಂಡು ಹೊಸೆ ರಮಿರೆಸ್‌ಗೆ ತಗುಲಿ ಒಂದು ರನ್ ಹೋಯಿತು. ಮುಂದಿನ ಬ್ಯಾಟರ್ ಲೇನ್ ಥಾಮಸ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. 7–3ರಿಂದ ಸೋತೆವು. ಅಜ್ಜ ಆ ಚೌಕವನ್ನೂ ಬಿಡದೆ ತುಂಬಿದರು. "ಇವನ ಕೈಯಲ್ಲಿ ಸೋತೆವಲ್ಲ, ಪರವಾಗಿಲ್ಲ. ಇವನಿಗಿಂತ ಒಳ್ಳೆಯವನು ನಮ್ಮಲ್ಲಿ ಇರಲಿಲ್ಲ" ಅಂದರು. ಮುಂದಿನ ತಿಂಗಳು ಸ್ಕೂಬಲ್‌ಗೆ ಲೀಗಿನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು, ಒಬ್ಬರೂ ಬಿಡದೆ ಅವನಿಗೇ ಮೊದಲ ಮತ ಹಾಕಿದ್ದರು. ಫ್ಲಾಹರ್ಟಿ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು, ಫೆಬ್ರವರಿಯಲ್ಲಿ ನಮ್ಮಲ್ಲಿಗೇ ವಾಪಸ್ ಬಂದ! ಅಜ್ಜನಿಗೆ ಆದ ಖುಷಿ ಹೇಳತೀರದು.

2025ರಲ್ಲೂ ಪ್ಲೇಆಫ್ ತಲುಪಿದರು. ಈ ಸಲ ಕ್ಲೀವ್‌ಲ್ಯಾಂಡನ್ನು ಸೋಲಿಸಿ, ಸಿಯಾಟಲ್ ಎದುರು ಐದನೇ ಪಂದ್ಯದಲ್ಲಿ 15 ಇನಿಂಗ್ಸ್ ಆಡಿ ಸೋತರು. ಆ ರಾತ್ರಿ ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ 13 ಸ್ಟ್ರೈಕ್‌ಔಟ್ ಮಾಡಿದ. ಎರಡನೇ ಸಲವೂ ಸೈ ಯಂಗ್ ಅವನಿಗೇ. ಚಳಿಗಾಲ ಬರುತ್ತಿದ್ದಂತೆ ಅದೇ ಚರ್ಚೆ ಮತ್ತೆ ಶುರು. ಇನ್ನೊಂದೇ ವರ್ಷ ಉಳಿದಿದೆ, ಈಗಲಾದರೂ ಮಾರಿ ಅಂತ. ಗೆಳೆಯ ಊಟಕ್ಕೆ ಕೂತಾಗಲೆಲ್ಲ ಲೆಕ್ಕ ತೆಗೆಯುತ್ತಿದ್ದ. ಹಾಗೇ ಬಿಟ್ಟರೆ ಡ್ರಾಫ್ಟ್‌ನ ಒಂದು ಸರದಿ ಬಿಟ್ಟು ಏನೂ ಸಿಗುವುದಿಲ್ಲ ಅನ್ನುವುದು ಅವನ ಸಂಕಟ. ನಾನು ಹೇಳಿದ್ದು, ಸಿಗುವುದು ಸಿಕ್ಕಾಗಿದೆ. ಎರಡು ಅಕ್ಟೋಬರ್ ಸಿಕ್ಕಿದೆ. ಮಗಳಿಗೆ ಮೊದಲ ಪ್ಲೇಆಫ್ ಸಿಕ್ಕಿದೆ, ಅಜ್ಜನಿಗೆ ಪುಸ್ತಕ ತುಂಬ ಕೆ ಅಕ್ಷರ ಸಿಕ್ಕಿದೆ. ಸ್ಕೂಬಲ್ ಹೋಗುವುದಾದರೆ ಹೋಗಲಿ, ಆದರೆ ಡೆಟ್ರಾಯಿಟ್ ಪರ ಇನ್ನೊಂದು ಅಕ್ಟೋಬರ್ ಆಡೋಕೆ ನೋಡಿ ಹೋಗಲಿ. ಗೆಳೆಯ ಇನ್ನೂ ಒಪ್ಪಿಲ್ಲ. ಜುಲೈ ಬರಲಿ, ತಂಡ ಎಲ್ಲಿರುತ್ತದೋ ನೋಡಿ ಮಾತಾಡೋಣ ಅಂದಿದ್ದಾನೆ.